ಐದು ಕ್ಯಾರೆಟ್ ಕಲ್ಲಿಗಾಗಿ ಕೂಬರ್ ಪೀಡಿಗೆ

‘ಹೆಂಗಿದ್ರೂ ಆಸ್ಟ್ರೇಲಿಯಾದಲ್ಲೇ ಇದ್ದೀಯ, ಬರುವಾಗ ಒಂದು ಓಪಲ್ ತಗೊಂಬಾರೋ.’

ಅಮ್ಮ ಫೋನಲ್ಲಿ ಹೀಗಂದಾಗ, ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತಾ ಅಂದಷ್ಟೇ ಸಲೀಸಾಗಿ ಕೇಳಿಸಿತು. ವಿಷಯ ಆಮೇಲೆ ಗೊತ್ತಾಯ್ತು. ಬಂಗಾರಪೇಟೆಯ ಜೋಯಿಸರು ನನ್ನ ಜಾತಕ ನೋಡಿ ‘ಶುಕ್ರನಿಗೆ ಬಲ ಸಾಲದು’ ಅಂದಿದ್ದಾರೆ. ವಜ್ರ ಹಾಕಿಸಿದರೆ ಉತ್ತಮ, ಆಗದಿದ್ದರೆ ಓಪಲ್ ನಡೆಯುತ್ತಂತೆ. ಬೆಳ್ಳಿ ಉಂಗುರ, ಶುಕ್ರವಾರ ಬೆಳಗ್ಗೆ ಹಾಕಬೇಕು. ಐದು ಕ್ಯಾರೆಟ್‌ಗೆ ಕಮ್ಮಿ ಇರಬಾರದು, ಕಲೆ ಇರಬಾರದು. ಮಗನಿಗೆ ಮೂವತ್ತು ತುಂಬಿದರೂ ಹೆಣ್ಣು ಗೊತ್ತಾಗಿಲ್ಲ ಅಂತ ಕೊರಗುವ ತಾಯಿಗೆ ಇಷ್ಟು ಸ್ಪೆಸಿಫಿಕೇಶನ್ ಸಾಕಲ್ಲ!

ನನಗೆ ಇದರಲ್ಲೆಲ್ಲ ನಂಬಿಕೆ ಕಮ್ಮಿ. ಆದ್ರೂ ಅಮ್ಮನ ಮಾತು. ಅಡಿಲೇಡ್‌ನ ಒಂದು ಅಂಗಡಿಗೆ ಹೋಗಿ ಐದು ಕ್ಯಾರೆಟ್ ಓಪಲ್‌ನ ಬೆಲೆ ಕೇಳಿದೆ. ಥ್ಯಾಂಕ್ಯೂ ಹೇಳಿ ಹೊರಗೆ ಬಂದೆ. ಆಫೀಸಿನಲ್ಲಿ ಪಕ್ಕದ ಸೀಟಿನವನು ನಕ್ಕು, ‘ಕಲ್ಲು ಹುಟ್ಟೋ ಊರಿಗೇ ಹೋಗು, ಒರಟು ಕಲ್ಲು ತಗೊಂಡು ನೀನೇ ಕಟ್ ಮಾಡು’ ಅಂದ. ತಮಾಷೆಗೆ ಅಂದಿದ್ದ. ಜೂನ್‌ನ ಲಾಂಗ್ ವೀಕೆಂಡ್ ಬಂತು, ಮೂರು ವರ್ಷದಿಂದ ಆಫೀಸು, ಮನೆ, ಇಂಡಿಯನ್ ಸ್ಟೋರ್ ಬಿಟ್ಟು ಬೇರೇನೂ ನೋಡಿರದ ನಾನು ನಿಜವಾಗಲೂ ಹೊರಟುಬಿಟ್ಟೆ.

ಅಡಿಲೇಡ್‌ನಿಂದ ಉತ್ತರಕ್ಕೆ ಕೂಬರ್ ಪೀಡಿ 846 ಕಿಲೋಮೀಟರ್. ಪೋರ್ಟ್ ಅಗಸ್ಟಾದ ತನಕ ಹೊಲ, ಊರು, ಪೆಟ್ರೋಲ್ ಬಂಕ್ ಸಿಗುತ್ತವೆ. ಆಮೇಲೆ ಸ್ಟುವರ್ಟ್ ಹೈವೇ. ಕೆಂಪು ಮಣ್ಣು, ಮೊಣಕಾಲೆತ್ತರದ ಕುರುಚಲು, ಸ್ಕೇಲ್ ಇಟ್ಟು ಗೆರೆ ಎಳೆದಂಥ ರಸ್ತೆ. ನಡುವೆ ಒಂದು ಕಡೆ ಹಾರ್ಟ್ ಅನ್ನೋ ಉಪ್ಪಿನ ಕೆರೆ ಬೆಳ್ಳಗೆ ಹೊಳೆಯುತ್ತೆ. ಕತ್ತಲಾದ ಮೇಲೆ ಕಾಂಗರೂ ಅಡ್ಡ ಬರುತ್ತವೆ ಅಂತ ಎಲ್ಲರೂ ಹೆದರಿಸಿದ್ದರಿಂದ ಬೆಳಗಿನ ಜಾವ ಐದಕ್ಕೇ ಹೊರಟಿದ್ದೆ.

ಊರು ಹತ್ತಿರವಾದ ಹಾಗೆ ರಸ್ತೆಯ ಎರಡೂ ಕಡೆ ಮಣ್ಣಿನ ಗುಡ್ಡೆಗಳು ಶುರುವಾದವು. ಒಂದೆರಡಲ್ಲ, ಕಣ್ಣು ಹಾಯುವಷ್ಟು ದೂರ. ಲೆಕ್ಕವಿಲ್ಲದಷ್ಟು ಹೆಗ್ಗಣಗಳು ಬಿಲ ತೋಡಿ ಮಣ್ಣು ಮೇಲೆ ಹಾಕಿದಂತೆ. ಪಕ್ಕದಲ್ಲಿ ಎಚ್ಚರಿಕೆಯ ಬೋರ್ಡು: ಒಬ್ಬ ಮನುಷ್ಯ ಗುಂಡಿಗೆ ಬೀಳುತ್ತಿರುವ ಚಿತ್ರ, ಓಡಬೇಡಿ, ಹಿಂದೆ ಹಿಂದೆ ನಡೆಯಬೇಡಿ ಅಂತ ಸೂಚನೆ. ಸೆಲ್ಫಿ ತೆಗೆಯೋರಿಗೆ ಹೇಳಿ ಮಾಡಿಸಿದ ಬೋರ್ಡು. ಗಣಿಗಾರರು ತೋಡಿ ಬಿಟ್ಟ ಬಾವಿಗಳು ಬಾಯಿ ತೆರೆದುಕೊಂಡು ಹಾಗೇ ಇವೆ.

ನನಗೆ ಊರು ಹೊಸದು, ನೋಟ ಹೊಸದಲ್ಲ. ಅಮ್ಮನ ಅಪ್ಪ, ನಮ್ಮ ತಾತ, ಕೆಜಿಎಫ್‌ನಲ್ಲಿ ಗಣಿ ಕೆಲಸ ಮಾಡಿದವರು. ಅಲ್ಲಿನ ಸೈನೈಡ್ ಗುಡ್ಡಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬೆಳೆದವನು ನಾನು. ಆ ಗುಡ್ಡದ ಮೇಲೆ ಯಶ್ ಸಿನಿಮಾ ತೆಗೆದರು, ಈ ಗುಡ್ಡೆಗಳ ನಡುವೆ 1985ರ ಮ್ಯಾಡ್ ಮ್ಯಾಕ್ಸ್ ತೆಗೆದರು. ಪಾಳು ಗಣಿ ಕಂಡರೆ ಸಿನಿಮಾದವರಿಗೆ ಅದೇನು ಪ್ರೀತಿಯೋ.

ಇಲ್ಲಿ ಓಪಲ್ ಸಿಕ್ಕಿದ್ದೂ ಬಂಗಾರ ಹುಡುಕುವಾಗಲೇ. 1915ರ ಫೆಬ್ರವರಿ 1ರಂದು, ಬಂಗಾರ ಅರಸಿ ಬಂದ ಒಂದು ತಂಡದ ಜೊತೆಗಿದ್ದ ವಿಲ್ಲಿ ಹಚಿಸನ್ ಅನ್ನೋ 14 ವರ್ಷದ ಹುಡುಗನ ಕಣ್ಣಿಗೆ ಓಪಲ್ ಚೂರುಗಳು ಬಿದ್ದವು. ಊರಿನ ಹೆಸರು ಇಲ್ಲಿನ ಮೂಲನಿವಾಸಿಗಳ ‘ಕೂಪಾ ಪಿಟಿ’ ಅನ್ನೋ ಮಾತಿನಿಂದ ಬಂದದ್ದು; ಬಿಳಿಯರ ಗುಂಡಿ ಅನ್ನೋ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ. ‘ಕೂಪ’ ಅಂದ ಕೂಡಲೇ ನಮಗೆ ಬಾವಿ ನೆನಪಾಗುತ್ತೆ, ಆದರೆ ಗುಂಡಿ ಇರೋದು ‘ಪಿಟಿ’ಯಲ್ಲಿ. ಬರೀ ಕಾಕತಾಳೀಯ, ಆದ್ರೂ ಮಜಾ ಅನ್ನಿಸಿತು.

ಊರಲ್ಲಿ ಎರಡು ಸಾವಿರ ಜನವೂ ಇಲ್ಲ. ಬಹಳಷ್ಟು ಮಂದಿ ಗುಡ್ಡ ಕೊರೆದು ಒಳಗೆ ಮನೆ ಮಾಡಿಕೊಂಡಿದ್ದಾರೆ. ಹೊರಗೆ ಬೇಸಿಗೆಯಲ್ಲಿ 45 ಡಿಗ್ರಿ ದಾಟಿದರೂ ಒಳಗೆ ಎಸಿ ಇಲ್ಲದೆ 25ರ ಆಸುಪಾಸು. ಚರ್ಚುಗಳೂ ನೆಲದೊಳಗೇ. ನಾನು ಉಳಿದುಕೊಂಡ ರೂಮಿನ ಗೋಡೆಯೂ ಕೆಂಪು, ಬಿಳಿ ಪಟ್ಟೆಯ ಮರಳುಗಲ್ಲೇ; ಯಂತ್ರದ ಹಲ್ಲಿನ ಗುರುತು ಹಾಗೇ ಇತ್ತು. ಲೈಟ್ ಆರಿಸಿದರೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ತಾತ ಇಂಥ ಕತ್ತಲಿಗೆ ದಿನಾ ಇಳಿಯುತ್ತಿದ್ದರು. ಅವರ ಗಣಿಯಲ್ಲಿ ಕೆಲವು ಕಡೆ ಆಳ ಮೂರು ಕಿಲೋಮೀಟರ್ ದಾಟಿತ್ತು. ಇಲ್ಲಿನ ಬಾವಿಗಳು 30 ಮೀಟರ್ ಇದ್ದರೆ ಹೆಚ್ಚು. ಇನ್ನೊಂದು ವ್ಯತ್ಯಾಸ, ಇಲ್ಲಿ ದೊಡ್ಡ ಕಂಪನಿಗಳ ದರ್ಬಾರಿಲ್ಲ. ಪರ್ಮಿಟ್ ತಗೊಂಡು, ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು ತಾವೇ ಅಗೆಯುತ್ತಾರೆ. ಸಿಕ್ಕರೂ ತಮ್ಮದೇ, ಮುಳುಗಿದರೂ ತಮ್ಮದೇ.

ಮಾರನೇ ದಿನ ಬೆಳಗ್ಗೆ ‘ನೂಡ್ಲಿಂಗ್’ಗೆ ಹೋದೆ. ತಿನ್ನೋದಲ್ಲ, ಗಣಿಯವರು ಹೊರಗೆ ಸುರಿದ ಮಣ್ಣಿನಲ್ಲಿ ಕಣ್ತಪ್ಪಿದ ಓಪಲ್ ಚೂರು ಹುಡುಕೋದು. ಪ್ರವಾಸಿಗರಿಗೆ ಅಂತಲೇ ಬಿಟ್ಟ ಜಾಗ ಇದೆ. ಎರಡು ಗಂಟೆ ಮಣ್ಣು ಕೆದಕಿ, ನೊಣಗಳಿಗೆ ಮುಖ ಒಪ್ಪಿಸಿ, ಒಂದು ಮುಷ್ಟಿ ಬೂದು ಬಣ್ಣದ ಕಲ್ಲು ಗಿಟ್ಟಿಸಿದೆ. ಅದನ್ನು ಹಿಡಿದುಕೊಂಡು ಒಬ್ಬರು ಗ್ರೀಕ್ ಯಜಮಾನರ ವರ್ಕ್‌ಶಾಪಿಗೆ ಹೋದೆ. ಎರಡನೇ ಮಹಾಯುದ್ಧದ ನಂತರ ಗ್ರೀಸ್, ಸರ್ಬಿಯಾ, ಕ್ರೊಯೇಷಿಯಾ, ಇಟಲಿಯಿಂದ ತುಂಬಾ ಜನ ಇಲ್ಲಿಗೆ ಬಂದರು. ಇವರು ಯುವಕರಿದ್ದಾಗ ಬಂದು ಇಲ್ಲೇ ಉಳಿದವರು. ದುಡ್ಡು ಕೊಟ್ಟರೆ ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಟಿಂಗ್ ಕಲಿಸುತ್ತಾರೆ. ನನ್ನ ಮುಷ್ಟಿ ಬಿಚ್ಚಿ ನೋಡಿ, ‘ಪಾಚ್. ಎಲ್ಲಾ ಪಾಚ್’ ಅಂದರು.

ಪಾಚ್ ಅಂದರೆ ಬಣ್ಣವಿಲ್ಲದ ಓಪಲ್. ಓಪಲ್ಲಿನ ಬಣ್ಣದ ಗುಟ್ಟು ಗೊತ್ತಾಗಿದ್ದೇ 1960ರ ದಶಕದಲ್ಲಿ, ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದ ಮೇಲೆ. ಮರಳಲ್ಲಿರುವ ಸಿಲಿಕಾವೇ ನೀರಲ್ಲಿ ಕರಗಿ, ಕಲ್ಲಿನ ಸಂದಿಗೆ ಇಳಿದು, ಸಣ್ಣ ಸಣ್ಣ ಗುಂಡುಗಳಾಗಿ ಕೂತಿರುತ್ತೆ. ಒಂದೊಂದು ಗುಂಡಿನ ಅಗಲ 150ರಿಂದ 300 ನ್ಯಾನೋಮೀಟರ್. ಎಲ್ಲ ಗುಂಡುಗಳೂ ಒಂದೇ ಅಳತೆಯಲ್ಲಿದ್ದು, ಸಂತೆಯಲ್ಲಿ ಕಿತ್ತಳೆ ಪೇರಿಸಿದ ಹಾಗೆ ಸಾಲಾಗಿ ಕೂತಿದ್ದರೆ, ನಡುವಿನ ಸಂದಿಗಳಲ್ಲಿ ಬೆಳಕು ಒಡೆದು ಬಣ್ಣ ಚಿಮ್ಮುತ್ತೆ. ಸಣ್ಣ ಗುಂಡಿಗೆ ನೀಲಿ, ದೊಡ್ಡದಕ್ಕೆ ಕೆಂಪು. ಅಡ್ಡಾದಿಡ್ಡಿ ಕೂತಿದ್ದರೆ ಪಾಚ್. ಅಂದ್ರೆ ಕಲ್ಲಿನಲ್ಲಿ ಬಣ್ಣದ ಪುಡಿ ಏನೂ ಇಲ್ಲ, ಇರೋದು ಜೋಡಣೆ ಮಾತ್ರ. ಕೆಂಪು ಅಪರೂಪ, ಅದಕ್ಕೇ ರೇಟು ಜಾಸ್ತಿ.

ಯಜಮಾನರು ಒಂದು ಡಬ್ಬಿ ಒರಟು ಕಲ್ಲುಗಳನ್ನು ನೀರಿಗೆ ಸುರಿದು ಮುಂದಿಟ್ಟರು. ಒದ್ದೆಯಾಗಿದ್ದರೆ ಪಾಲಿಶ್ ಆದಮೇಲೆ ಹೇಗೆ ಕಾಣುತ್ತೋ ಸುಮಾರು ಹಾಗೇ ಕಾಣುತ್ತೆ. ನಾನು ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದೆ. ತಲೆ ಅಲ್ಲಾಡಿಸಿ, ಹೆಬ್ಬೆರಳಿನ ತುದಿಯಷ್ಟಿದ್ದ ಒಂದನ್ನು ಎತ್ತಿಕೊಟ್ಟರು. ಪಕ್ಕದಲ್ಲಿ ಒಂದು ತೆಳು ಗೆರೆ, ಅದರಲ್ಲಿ ಹಸಿರು, ತಿರುಗಿಸಿದರೆ ಒಂದು ಮೂಲೆಯಲ್ಲಿ ಕೆಂಪು ಮಿಂಚು. 120 ಡಾಲರ್. ತೂಕ 14 ಕ್ಯಾರೆಟ್, ಅಂದ್ರೆ ಮೂರು ಗ್ರಾಂ ಸಹ ಇಲ್ಲ. ಹದಿನಾಲ್ಕರಲ್ಲಿ ಐದು ಉಳಿಯಲ್ವಾ, ಅಮ್ಮ ಗೆದ್ದಳು ಅಂದುಕೊಂಡೆ.

ಮೊದಲು ಮಾಸ್ಕ್ ಕಟ್ಟಿಸಿದರು. ಆಮೇಲೆ ಯಂತ್ರದ ನೀರಿನ ನಲ್ಲಿ ತಿರುಗಿಸಿದರು. ಕಲ್ಲು ಬಿಸಿಯಾದರೆ ಬಿರುಕು ಬಿಡುತ್ತೆ, ಓಪಲ್ ಒಳಗೇ ನೀರಿನಂಶ ಇರುತ್ತಲ್ಲ. ಅದು ಒಂದು ಕಾರಣ. ಇನ್ನೊಂದು ದೂಳು. ನೀರು ಬೀಳದೆ ಚಕ್ರ ತಿರುಗಿಸೋ ಹಾಗೇ ಇಲ್ಲ ಅಂತ ಬೆರಳೆತ್ತಿ ಹೇಳಿ, ತಮ್ಮ ಎದೆ ತಟ್ಟಿ ತೋರಿಸಿದರು.

ತೆಳ್ಳಗಿನ ವಜ್ರದ ಅಲಗಿನ ಗರಗಸದಲ್ಲಿ ಬೇಡದ ಮರಳುಗಲ್ಲನ್ನು ಅವರೇ ಕೊಯ್ದುಕೊಟ್ಟರು. ಅಲ್ಲಿಗೆ 14 ಇದ್ದದ್ದು ಒಂಬತ್ತಕ್ಕೆ ಬಂತು. ಆಮೇಲೆ ಬಲ್ಬಿನ ಕೆಳಗೆ ಕಲ್ಲನ್ನು ನಿಧಾನ ಬೆಚ್ಚಗೆ ಮಾಡಿ, ಒಂದು ಮೊಳೆಯ ತಲೆಗೆ ಅರಗಿನಿಂದ ಅಂಟಿಸಿದರು. ಬೆರಳಲ್ಲಿ ಹಿಡಿದು ಉಜ್ಜಿದರೆ ಉಗುರು ಹೋಗುತ್ತೆ, ಮೊಳೆ ಹಿಡಿದು ತಿರುಗಿಸಿದರೆ ಮೇಲ್ಮೈ ಗುಂಡಗೆ ಬರುತ್ತೆ. ವಜ್ರದ ಹಾಗೆ ಓಪಲ್‌ಗೆ ಮುಖ ಮುಖ ಕೊಯ್ಯೋದು ಕಮ್ಮಿ. ಹೆಚ್ಚಾಗಿ ಹೆಸರುಬೇಳೆ ಆಕಾರದಲ್ಲಿ, ಮೇಲೆ ಉಬ್ಬು, ಕೆಳಗೆ ಚಪ್ಪಟೆ.

ಚಕ್ರಗಳು ಸಾಲಾಗಿದ್ದವು. ತರಿ ತರಿಯಿಂದ ಶುರುವಾಗಿ ನುಣುಪಿನ ಕಡೆಗೆ: 280, 600, 1200, 3000, ಕೊನೆಗೆ 14000. ಒಂದು ಚಕ್ರದ ಗೀರನ್ನು ಮುಂದಿನ ಚಕ್ರ ಅಳಿಸಬೇಕು. ಎರಡು ಸಲ ಉಜ್ಜು, ನೀರು ಒರೆಸು, ಭೂತಗನ್ನಡಿಯಲ್ಲಿ ನೋಡು. ಒದ್ದೆ ಕಲ್ಲು ಸುಳ್ಳು ಹೇಳುತ್ತೆ, ಗೀರೆಲ್ಲ ಮುಚ್ಚಿಟ್ಟುಕೊಳ್ಳುತ್ತೆ. ಒಣಗಿದಾಗಲೇ ನಿಜ ಗೊತ್ತಾಗೋದು. ಬೆರಳಿಗೆ ಬರುವ ನಡುಕ, ಚಕ್ರದ ಸದ್ದು, ಮೊಳೆಯನ್ನು ಚಪಾತಿ ಹಿಟ್ಟು ಉಂಡೆ ಮಾಡುವ ಹಾಗೆ ತಿರುಗಿಸುವ ಲಯ. ಅರ್ಧ ಗಂಟೆಯಲ್ಲಿ ಫೋನ್ ಇದೆ ಅನ್ನೋದೇ ಮರೆತಿದ್ದೆ. 600ರ ಚಕ್ರದಲ್ಲಿ ಕೆಂಪು ಪೂರ್ತಿ ತೆರೆದುಕೊಂಡಿತು. ಕಲ್ಲು ವಾಲಿಸಿದರೆ ಒಲೆಯೊಳಗಿನ ಕೆಂಡದ ಹಾಗೆ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು.

ಅದರ ಪಕ್ಕದಲ್ಲೇ ಒಂದು ಮರಳಿನ ಚುಕ್ಕೆ. ಸಾಸಿವೆಗಿಂತ ಸಣ್ಣದು.

‘ಇದನ್ನ ತೆಗೆಯಲಾ?’ ಅಂತ ಕೇಳಿದೆ. ‘ನಾನಾದರೆ ಮುಟ್ಟಲ್ಲ. ಕಲ್ಲು ನಿಂದು’ ಅಂದರು. ಕಲೆ ಇರಬಾರದು ಅನ್ನೋ ಜೋಯಿಸರ ಮಾತು ಕಿವಿಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಗೊತ್ತಿರೋ ಒಂದು ಬಗ್ ಹಾಗೇ ಬಿಟ್ಟು ರಿಲೀಸ್ ಮಾಡೋಕೆ ಕೈ ಬರಲ್ಲ, ಅದು ನನ್ನ ಕಾಯಿಲೆ. ಒಂದು ಸಲ ಉಜ್ಜಿದೆ. ಚುಕ್ಕೆ ಇತ್ತು. ಇನ್ನೊಂದು ಸಲ. ಇನ್ನೂ ಇತ್ತು. ನಾಲ್ಕನೇ ಸಲ ಒರೆಸಿ ನೋಡಿದರೆ ಚುಕ್ಕೆ ಹೋಗಿತ್ತು. ಕೆಂಪೂ ಹೋಗಿತ್ತು.

ಆ ಕೆಂಪು ಪದರ ಕಾಗದದಷ್ಟೇ ದಪ್ಪ ಇದ್ದದ್ದು. ನೀರಿನ ಜೊತೆ ಯಂತ್ರದ ಕೆಳಗಿನ ಟ್ರೇಗೆ ಇಳಿದುಹೋಗಿತ್ತು. ಅಲ್ಲಿ ಬೂದು ಬಣ್ಣದ ಕೆಸರು ಬಿಟ್ಟು ಏನೂ ಇರಲಿಲ್ಲ. ನಾವು ದಿನಾ ಕೋಡ್ ಹಾಳು ಮಾಡ್ತೀವಿ, ಹಿಂದಿನ ವರ್ಶನ್‌ಗೆ ಹೋಗ್ತೀವಿ, ಕಾಫಿ ಕುಡೀತೀವಿ. ಇದಕ್ಕೆ ಹತ್ತು ಕೋಟಿ ವರ್ಷದ ಆಸುಪಾಸಿನ ಬ್ಯಾಕಪ್ ಎಲ್ಲಿ ಹುಡುಕೋದು? ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು. ಯಜಮಾನರು ಕಲ್ಲು ತಗೊಂಡು ದೀಪದ ಕೆಳಗೆ ಆಡಿಸಿ ನೋಡಿ, ‘ಈಗ ಹಸಿರು. ಹಸಿರೂ ಚೆನ್ನಾಗಿರುತ್ತೆ’ ಅಂತಷ್ಟೇ ಹೇಳಿ ವಾಪಸ್ ಕೊಟ್ಟರು. ಬೈದಿದ್ದರೇ ವಾಸಿ ಇತ್ತು.

ಉಳಿದ ಚಕ್ರಗಳಲ್ಲಿ ಉಸಿರು ಹಿಡಿದುಕೊಂಡು ಕೆಲಸ ಮಾಡಿದೆ. ಹಿಂಭಾಗದಲ್ಲಿ ಇನ್ನೊಂದು ಮರಳಿನ ಚುಕ್ಕೆ ಕಂಡಿತು, ಅದರ ತಂಟೆಗೆ ಹೋಗಲಿಲ್ಲ. ಕೊನೆಗೆ ಚರ್ಮದ ಪ್ಯಾಡಿಗೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ ಪಾಲಿಶ್. ಮಂಕಾಗಿದ್ದ ಕಲ್ಲಿನ ಮೇಲೆ ಮೊದಲು ಟ್ಯೂಬ್‌ಲೈಟಿನ ಬಿಂಬ ಮಸುಕಾಗಿ ಬಂತು, ಆಮೇಲೆ ಚೂಪಾಯಿತು. ಐದು ನಿಮಿಷ ಫ್ರೀಜರಿನಲ್ಲಿಟ್ಟರು, ಅರಗು ಪಟ್ಟನೆ ಬಿಟ್ಟುಕೊಂಡಿತು. ತಕ್ಕಡಿಯಲ್ಲಿ 3.2 ಕ್ಯಾರೆಟ್.

ಇಂಥದ್ದೇ ಉದ್ದೇಶಕ್ಕೆ ಊರಲ್ಲಿ ಓಪಲ್ ಕೊಳ್ಳೋರಿಗೆ ಒಂದು ಮಾತು, ಯಜಮಾನರಿಂದ ಕಲಿತದ್ದು. ಕಲ್ಲನ್ನು ಪಕ್ಕದಿಂದ ನೋಡಿ. ಸ್ಕೇಲಿನಲ್ಲಿ ಎಳೆದ ಹಾಗೆ ನೇರ ಗೆರೆ ಕಂಡರೆ ತೆಳು ಓಪಲ್‌ಗೆ ಕೆಳಗೆ ಬೇರೆ ಕಲ್ಲು ಅಂಟಿಸಿರೋ ಸಾಧ್ಯತೆ ಹೆಚ್ಚು. ಮೇಲೊಂದು ಪಾರದರ್ಶಕ ಮುಚ್ಚಳವೂ ಇರಬಹುದು. ಅಂಥದ್ದನ್ನು ನೀರಲ್ಲಿ ನೆನೆಸಿದರೆ ಅಂಟು ಬಿಡುತ್ತೆ. ಜೈಪುರದಲ್ಲಿ ಕಟ್ ಆಗುವ ಇಥಿಯೋಪಿಯಾದ ಓಪಲ್ ಅಸಲಿಯೇ, ಆದರೆ ಅದರಲ್ಲಿ ಬಹಳಷ್ಟು ನೀರು, ಎಣ್ಣೆ ಹೀರಿಕೊಳ್ಳುವಂಥವು. ಅಡುಗೆಮನೆಗೆ ಹೋಗುವಾಗ ತೆಗೆದಿಡಿ.

ಸಂಜೆ ನೆಲದೊಳಗಿನಿಂದ ಮೇಲೆ ಬಂದು ಅಮ್ಮನಿಗೆ ಕಟಿಂಗ್ ಮಾಡುವ ವಿಡಿಯೋ ಕಳಿಸಿದೆ. ಎರಡೇ ನಿಮಿಷದಲ್ಲಿ ಕಾಲ್ ಬಂತು.

‘ಆ ನೀರು ಯಾಕೋ ಸುರೀತಾನೇ ಇದೆ?’

‘ದೂಳು ಏಳಬಾರದು ಅಂತಮ್ಮ.’

‘ಮೂಗಿಗೆ ಕಟ್ಟಿರೋದು?’

‘ಮಾಸ್ಕು. ಅದೂ ದೂಳಿಗೇ. ಕಟ್ಟದಿದ್ರೆ ಕಲ್ಲು ಮುಟ್ಟೋಕೆ ಬಿಡಲ್ಲ ಅವರು.’

ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಕಲ್ಲಿನ ದೂಳು ಎದೆಯಲ್ಲಿ ಕೂರುವ ಕಾಯಿಲೆಗೆ ಸಿಲಿಕೋಸಿಸ್ ಅಂತಾರೆ, ಕೆಜಿಎಫ್‌ನಲ್ಲಿ ಅದು ಬಹಳ ಮನೆಗಳಿಗೆ ಬಂದ ಕಾಯಿಲೆ. ನಮ್ಮ ಮನೆಗೂ ಬಂತು. ತಾತನನ್ನು ನಾನು ಕಂಡಿದ್ದು ಕಮ್ಮಿ. ನೆನಪಿರೋದು ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದು, ರಾತ್ರಿಯೆಲ್ಲ ಕೆಮ್ಮು. ಮಲಗಿದರೆ ಉಸಿರಾಡೋಕೆ ಆಗ್ತಿರಲಿಲ್ಲ. ಬೆನ್ನು ನೀವುತ್ತಾ ಪಕ್ಕದಲ್ಲಿ ಕೂರುತ್ತಿದ್ದವಳು ಅಮ್ಮ.

‘ಆ ಅಜ್ಜನಿಗೆ ಕೆಮ್ಮು ಇಲ್ಲ ತಾನೇ?’ ಅಂತ ಕೇಳಿದಳು.

‘ಇಲ್ಲಮ್ಮ. ಗಟ್ಟಿಮುಟ್ಟಾಗಿದ್ದಾರೆ.’

‘ಒಳ್ಳೇದಾಯ್ತು.’ ಆಮೇಲೆ ಗಂಟಲು ಸರಿಮಾಡಿಕೊಂಡು, ‘ಹೂಂ, ಎಷ್ಟು ಬಂತು ಕಲ್ಲು?’

‘ಮೂರೂ ಚಿಲ್ಲರೆ.’

‘ಕಲೆ?’

‘ಹಿಂದೆ ಒಂದು ಚುಕ್ಕೆ ಇದೆ. ಮುಂದೆ ಕೆಂಪು ಇತ್ತು, ನಾನೇ ಉಜ್ಜಿ ಕಳೆದುಬಿಟ್ಟೆ.’

ವಿಡಿಯೋ ಆನ್ ಮಾಡು ಅಂದಳು. ಕ್ಯಾಮೆರಾದ ಮುಂದೆ ಕಲ್ಲು ಹಿಡಿದೆ. ಇಲ್ಲಿ ಸೂರ್ಯ ಮಣ್ಣಿನ ಗುಡ್ಡೆಗಳ ಹಿಂದೆ ಇಳಿಯುತ್ತಿದ್ದ, ಇದ್ದ ಬೆಳಕೇ ಅಷ್ಟು. ಬಂಗಾರಪೇಟೆಯ ಮನೆಯಲ್ಲಿ ಅಮ್ಮ ಕನ್ನಡಕ ಹಣೆಗೆ ಏರಿಸಿ ಫೋನನ್ನು ಮುಖದ ಹತ್ತಿರಕ್ಕೆ ತಂದಳು, ನನಗೆ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

‘ಜೋಯಿಸರಿಗೆ ಆಮೇಲೆ ಹೇಳಿದ್ರಾಯ್ತು ಬಿಡು’ ಅಂದಳು. ‘ಇನ್ನೊಂದ್ಸಲ ಅಲ್ಲಾಡಿಸೋ. ಆ ಹಸಿರು ಹೆಂಗೆ ಓಡುತ್ತೆ ನೋಡೋಣ.’