ಚೀಟಿ ಎತ್ತಿದರೆ ತಪ್ಪೇನು?

ವಿಶ್ವವಿದ್ಯಾಲಯಗಳು ತಮ್ಮ ಅಧ್ಯಾಪಕರಿಗೇ ಕೊಡುವ ಸಂಶೋಧನಾ ಫೆಲೋಶಿಪ್‌ಗಳ ಅರ್ಜಿ ಎರಡು ಪುಟ ಮೀರಬಾರದು. ಅರ್ಹರೆನಿಸಿದವರ ನಡುವೆ ಚೀಟಿ ಎತ್ತಿದರೆ ಸಾಕು. ತಮಾಷೆಗೆ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಪ್ರಸ್ತಾವಗಳ ಹಿಂದೆ ಸಂಶೋಧಕರ ಸುಮಾರು 550 ವರ್ಷಗಳ ದುಡಿಮೆ ಇತ್ತೆಂದು ಅಲ್ಲಿನವರೇ ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಹಣ ಸಿಕ್ಕಿದ್ದು ಐದಕ್ಕೆ ಒಂದರಂತೆ. ಅವಾದರೂ ದೊಡ್ಡ ಅನುದಾನಗಳು. ಒಂದು ಸೆಮಿಸ್ಟರಿನ ಬಿಡುವಿಗೋ ಒಂದೆರಡು ಲಕ್ಷದ ಬೀಜಧನಕ್ಕೋ ಅದೇ ಶಾಸ್ತ್ರ ಮಾಡಿಸಿದರೆ, ಸಂಶೋಧನೆಗೆಂದು ಉಳಿಸಬೇಕಾದ ಸಮಯವನ್ನು ಅರ್ಜಿಯೇ ನುಂಗುತ್ತದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮಾನದಂಡಗಳಲ್ಲಿ ಬೀಜಧನಕ್ಕೂ ಜಾಗವಿರುವುದರಿಂದ ಇದು ನಮಗೂ ದೂರದ ಮಾತಲ್ಲ.

ಚೀಟಿ ಎತ್ತುವುದು ಪ್ರತಿಭೆಗೆ ಅವಮಾನ ಎನ್ನುವವರಿದ್ದಾರೆ. ಆದರೆ ಕ್ಯಾಂಪಸ್ಸಿನೊಳಗಿನ ಸಮಿತಿಯಲ್ಲಿ ತೀರ್ಪುಗಾರರು ಅರ್ಜಿದಾರರ ಸಹೋದ್ಯೋಗಿಗಳೇ. ಹಳಗನ್ನಡದ ಪ್ರಸ್ತಾವಕ್ಕೆ ರಸಾಯನಶಾಸ್ತ್ರದವರು ಅಂಕ ಹಾಕುವ ಸಂದರ್ಭವೂ ಬರುತ್ತದೆ. ಅಲ್ಲಿ 72ಕ್ಕೂ 73ಕ್ಕೂ ನಡುವಿನ ಅಂತರವನ್ನು ಪ್ರತಿಭೆ ಎನ್ನಲು ಧೈರ್ಯ ಬೇಕು. ತೀರಾ ದುರ್ಬಲವಾದವನ್ನು ಸಮಿತಿ ಬೇರ್ಪಡಿಸಬಲ್ಲದು, ಅಷ್ಟನ್ನು ಒಪ್ಪೋಣ. ಆಮೇಲಿನದಕ್ಕೆ ಅದೃಷ್ಟವೇ ಹೆಚ್ಚು ಪ್ರಾಮಾಣಿಕ. ಅದಕ್ಕೆ ಯಾರ ಮುಲಾಜೂ ಇಲ್ಲ. ಬ್ರಿಟಿಷ್ ಅಕಾಡೆಮಿ 2022ರಿಂದ ತನ್ನ ಸಣ್ಣ ಅನುದಾನಗಳನ್ನು ಹೀಗೆಯೇ ಹಂಚುತ್ತಿದೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲೇ ಇದನ್ನು ಶುರುಮಾಡಿತ್ತು. ಅರ್ಜಿ ಬರೆಯುವಾಗ ಯೋಚನೆ ಹದಗೊಳ್ಳುತ್ತದೆ ಎಂಬ ವಾದ ಮಾತ್ರ ನಿಜ. ಅದಕ್ಕೆ ಎರಡು ಪುಟ ಬೇಕು, ಇಪ್ಪತ್ತಲ್ಲ.