ಉಪ್ಪಿನ ಮೇಲೆ ಎಣ್ಣೆ

ಬಂದೂಕಿನ ಸುದ್ದಿ ಹೆಂಗಸರಿಗೇಕೆ ಎಂದು ಪುಟ ಮಗುಚಬೇಡಿ, ಸೋದರಿಯರೇ. ನಾನು ಹೇಳಹೊರಟಿರುವುದು ಉಪ್ಪು, ಬಿಸಿನೀರು, ಎಣ್ಣೆಯ ಮಾತು. ಮೂರೂ ನಮ್ಮ ಅಡಿಗೆಮನೆಯವೇ ತಾನೆ?

ನನ್ನ ತಂದೆ ಮಲೆನಾಡಿನ ಒಂದು ಊರಿನಲ್ಲಿ ಪೊಲೀಸ್ ದಫೇದಾರರಾಗಿದ್ದರು. ರೈಫಲ್‌ಗಳ ಶುಚಿ, ರಿಪೇರಿ ಅವರ ಪಾಲಿನ ಕೆಲಸ. ಎಲ್ಲವೂ ಹಳೆಯ 'ತ್ರೀ ನಾಟ್ ತ್ರೀ'ಗಳು. ಬ್ರಿಟಿಷ್ ಸೈನ್ಯಕ್ಕೆಂದು 1907ರಲ್ಲಿ ಬಂದ ಮಾದರಿ. ನಮ್ಮಲ್ಲಿ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1962ರ ಚೀನಾ ಯುದ್ಧದ ನಂತರ ಸೈನ್ಯಕ್ಕೆ ಹೊಸ ರೈಫಲ್ ಬಂದರೂ ಪೊಲೀಸರ ಹೆಗಲ ಮೇಲೆ ಹಳೆಯದೇ ಉಳಿಯಿತು.

ಗುಂಡು ಹಾರಿಸುವ ಅಭ್ಯಾಸದ ದಿನ ಅಮ್ಮ ಹಂಡೆಯಲ್ಲಿ ನೀರು ಕುದಿಸುತ್ತಿದ್ದಳು. ಕೆಟಲಿನಲ್ಲಿ ಅದನ್ನು ಒಯ್ಯುವುದು ನನ್ನ ಕೆಲಸ. ಜಗಲಿಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. "ಖಾಲಿ ಅಂತ ಯಾರೇ ಹೇಳಲಿ ಪುಟ್ಟೀ, ನಂಬಬಾರದು. ಕಣ್ಣಲ್ಲಿ ನೋಡ್ಬೇಕು, ಬೆರಳಲ್ಲಿ ಮುಟ್ಟಿ ನೋಡ್ಬೇಕು," ಎನ್ನುತ್ತಲೇ ಅಪ್ಪ ಬೋಲ್ಟು ಹೊರತೆಗೆಯುತ್ತಿದ್ದರು. ಬೋಲ್ಟಿನ ಮೇಲಿನ ನಂಬರು, ರೈಫಲ್ಲಿನ ನಂಬರು ಒಂದೇ ಇರಬೇಕು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಅಳತೆ ತಪ್ಪಿ, ಗುಂಡಿನ ತೋಟಾ ಒಳಗೇ ಒಡೆಯಬಹುದು.

ಆಮೇಲೆ ಲಾಳಿಕೆಯಿಟ್ಟು ನಳಿಗೆಯೊಳಗೆ ಕುದಿನೀರು. ಆ ಹಳೆಯ ಗುಂಡುಗಳ ಕ್ಯಾಪು ಉರಿದಾಗ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು, ಪೊಟ್ಯಾಸಿಯಂ ಕ್ಲೋರೈಡ್. ಮಳೆಗಾಲದಲ್ಲಿ ನಮ್ಮ ಉಪ್ಪಿನ ಜಾಡಿ ಬೆವರುವುದಿಲ್ಲವೇ, ಹಾಗೇ ಅದೂ ಗಾಳಿಯ ತೇವ ಹೀರುತ್ತದೆ. ಉಕ್ಕು ತುಕ್ಕು ಹಿಡಿಯುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೇ ಕರಗಬೇಕು. ನೀರು ಹೋದ ಮೇಲೆ ತೂಕದ ದಾರಕ್ಕೆ ನಾಲ್ಕಿಂಚು ಉದ್ದ, ಎರಡಿಂಚು ಅಗಲದ ಚಿಂದಿ ಸಿಕ್ಕಿಸಿ, ಹಿಂದಿನಿಂದ ಮುಂದಕ್ಕೆ ನೇರವಾಗಿ ಎಳೆಯುವುದು. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ. ಮರದ ಹಿಡಿಗೆ ಅಗಸೆ ಎಣ್ಣೆ.

1978ರ ಮಳೆಗಾಲ. ಅಪ್ಪ ಜ್ವರದಿಂದ ಮಲಗಿದ್ದರು. ಪಕ್ಕದ ಕ್ವಾರ್ಟರ್ಸಿನ ಹೊಸ ಹುಡುಗ ಅಂದಿನ ರೈಫಲ್‌ಗಳಿಗೆ ಧಾರಾಳ ಎಣ್ಣೆ ಬಳಿದು ಇಟ್ಟುಬಿಟ್ಟ. ಮಿರಮಿರ ಮಿಂಚುತ್ತಿದ್ದವಂತೆ. ವಾರದ ಮೇಲೆ ಅಪ್ಪ ನಳಿಗೆಯಲ್ಲಿ ಕಣ್ಣಿಟ್ಟರೆ ಒಳಗೆಲ್ಲ ಕೆಂಪು. ಇನ್ಸ್‌ಪೆಕ್ಷನ್ನಿಗೆ ನಾಲ್ಕೇ ದಿನ. ಹುಡುಗ ಮನೆಗೇ ಬಂದು ಅತ್ತ: "ದಫೇದಾರ್ರೇ, ಕೆಲಸ ಹೋಗುತ್ತೆ." ಅವನ ಹೆಂಡತಿಗೆ ತುಂಬಿದ ತಿಂಗಳು.

ನಾಲ್ಕು ರಾತ್ರಿ ಇಬ್ಬರೂ ಕೂತು ತಿಕ್ಕಿದರು. ಉಳಿದವು ಸರಿಹೋದವು. ಒಂದರಲ್ಲಿ ಮಾತ್ರ ತುಕ್ಕು ತಿಂದ ಗುಳಿಗಳು ಹೋಗಲಿಲ್ಲ.

"ಎಣ್ಣೆ ಹಚ್ಚಿಡಿ ಅಂದ್ರೆ, ಯಾರು ಬಗ್ಗಿ ನೋಡ್ತಾರೆ?" ಎಂದಳು ಅಮ್ಮ.

"ಅವನು ಮಾಡಿದ್ದೂ ಅದನ್ನೇ ಕಣೇ," ಎಂದರು ಅಪ್ಪ.

ರಿಜಿಸ್ಟರಿನಲ್ಲಿ ಆ ರೈಫಲ್ಲಿನ ನಂಬರು ಬರೆದು, ಶುಚಿಯ ಮೇಲ್ವಿಚಾರಣೆಯಲ್ಲಿ ತಪ್ಪಿದವನು ತಾನು ಎಂದು ಸಹಿ ಹಾಕಿದರು. ಆ ವರ್ಷದ ಬಡ್ತಿ ತಪ್ಪಿತು. ಅಮ್ಮ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಆದರೂ ಪಕ್ಕದ ಮನೆಯ ಬಾಣಂತಿಗೆ ಬಿಸಿನೀರು ಕಾಯಿಸಿ ಕೊಟ್ಟವಳೂ ಅವಳೇ.

ಮದುವೆಯಾದ ಹೊಸದರಲ್ಲಿ ಅತ್ತೆಯವರ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದುಹೋಯಿತು. ಮೇಲೆ ನಗು, ಒಳಗೆ ತುಕ್ಕು. ಎರಡು ವರ್ಷ ಹಾಗೇ ಕಳೆದ ಮೇಲೆ ಒಂದು ದಿನ ಅವರೆದುರು ಕೂತು ಅತ್ತು ಹೇಳಿಬಿಟ್ಟೆ. ಅವರಿಗೆ ಆ ಮಾತು ನೆನಪೇ ಇರಲಿಲ್ಲ! ಹೇಳಿದ ಮೇಲೆ ಇಬ್ಬರಿಗೂ ಹಗುರವಾಯಿತು. ಒಂದೆರಡು ಗುಳಿ ಉಳಿದಿರಬಹುದು, ಇರಲಿ.

ಉಪ್ಪಿನಕಾಯಿಗೆ ಮಾವು ಹೆಚ್ಚಿದ ಈಳಿಗೆಯನ್ನು ಇಂದು ಹಾಗೇ ಎತ್ತಿಡಬೇಡಿ. ಮೊದಲು ಬಿಸಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಈ ಸರದಿ ತಪ್ಪಿಸಬೇಡಿ.