ಹಿಮ ಕರಗಿ ಹಿನ್ನೀರಾದ ನಾಡು

ಕೊಚ್ಚಿಯ ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ಹೊರಡುವ ವಾಟರ್ ಮೆಟ್ರೋ ದೋಣಿಗೆ ಎಂಜಿನ್ನಿನ ಗದ್ದಲವಿಲ್ಲ. ಬ್ಯಾಟರಿಯಲ್ಲಿ ಓಡುವ ಈ ದೋಣಿಗಳು ಇಲ್ಲಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ, ಬಲಕ್ಕೆ ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ಲಿನ ದೈತ್ಯ ಕ್ರೇನುಗಳು, ಎದುರಿಗೆ ಅರಬ್ಬೀ ಸಮುದ್ರಕ್ಕೆ ಬಾಯಿ ತೆರೆದ ಅಳಿವೆ. ಇಳಿತದ ಹೊತ್ತಾದ್ದರಿಂದ ಅಂತರಗಂಗೆಯ ಹಸಿರು ಗುಪ್ಪೆಗಳು ಸಾಲಾಗಿ ಸಮುದ್ರದತ್ತ ತೇಲಿಹೋಗುತ್ತಿದ್ದವು. ಭರತ ಏರಿದಾಗ ಅವೇ ಗುಪ್ಪೆಗಳು ವಾಪಸು ಬರುತ್ತವೆ.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಇದೇ ಜಾಗದಲ್ಲಿ ನಿಂತಿದ್ದರೆ ಕಾಲಿಗೆ ತಾಗುತ್ತಿದ್ದುದು ಒಣನೆಲ. ಸಮುದ್ರದ ಅಲೆ ಕೇಳಬೇಕಾದರೆ ಪಶ್ಚಿಮಕ್ಕೆ ಇನ್ನೂ ಐವತ್ತು ಅರವತ್ತು ಕಿಲೋಮೀಟರ್ ನಡೆಯಬೇಕಿತ್ತು. ಪೆರಿಯಾರ್ ನದಿ ಇಲ್ಲಿಗೆ ಮುಗಿಯುತ್ತಿರಲಿಲ್ಲ. ಈಗ ಮೀನಿನ ಬೋಟುಗಳು ಬಲೆ ಎಳೆಯುವ ಕಡೆ ಅದು ಬಯಲಿನ ನಡುವೆ ಕಣಿವೆ ಕೊರೆದುಕೊಂಡು ಹರಿಯುತ್ತಿತ್ತು. ಕಡಲು ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಷ್ಟೂ ನೀರು ಹೋಗಿ ಕೂತಿದ್ದು ಭೂಮಿಯ ತಲೆಯ ಮೇಲೆ, ಮಂಜುಗಡ್ಡೆಯಾಗಿ. ಕೆನಡಾದ ಬಹುಭಾಗವನ್ನೂ ಅಮೆರಿಕದ ಉತ್ತರ ಭಾಗವನ್ನೂ ಲಾರೆಂಟೈಡ್ ಎಂಬ ಹಿಮಹಾಸು ಮುಚ್ಚಿತ್ತು. ಅದರ ದಪ್ಪ ಕೆಲವೆಡೆ ಮೂರು ಕಿಲೋಮೀಟರ್. ಸ್ಕ್ಯಾಂಡಿನೇವಿಯಾದ ಮೇಲೆ ಇನ್ನೊಂದು ಹಾಸು. ಅಂಟಾರ್ಕ್ಟಿಕಾದ ಹಾಸು ಕೂಡ ಇವತ್ತಿಗಿಂತ ಆಚೆಗೆ ಚಾಚಿಕೊಂಡಿತ್ತು.

ಆಗಿನ ಕೇರಳ ಇಷ್ಟು ಹಸಿರಾಗಿರಲಿಲ್ಲ ಎಂಬುದು ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸುವ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನಲ್ಲಿ ಪದರ ಪದರವಾಗಿ ಕೂತ ಕೊಳೆತ ಸಸ್ಯರಾಶಿಯ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಿಮಯುಗದ ಉತ್ತುಂಗದಲ್ಲಿ ಮುಂಗಾರು ಸೊರಗಿತ್ತು, ಒಣಹವೆಗೆ ಒಗ್ಗುವ ಹುಲ್ಲು ಮೇಲುಗೈ ಪಡೆದಿತ್ತು ಎಂಬುದನ್ನು ಆ ಜೌಗು ಹೇಳುತ್ತದೆ. ಉತ್ತರದಲ್ಲಿ ಹಿಮ ಕರಗಿದಂತೆ ಇಲ್ಲಿ ಮಳೆ ಬಲಿಯಿತು. ಅಂದರೆ ಕಡಲೂ ಕಾಡೂ ಒಟ್ಟೊಟ್ಟಿಗೆ ಬಂದವು, ಒಂದು ಪಡುವಣದಿಂದ, ಇನ್ನೊಂದು ಘಟ್ಟದಿಂದ.

ಹಿಮ ಏಕೆ ಕರಗಿತು? ಭೂಮಿ ಸೂರ್ಯನನ್ನು ಸುತ್ತುವ ದಾರಿಯಲ್ಲೂ ಅದರ ಅಕ್ಷದ ವಾಲಿಕೆಯಲ್ಲೂ ಸಾವಿರಾರು ವರ್ಷಗಳಿಗೊಮ್ಮೆ ಆಗುವ ಸಣ್ಣ ಏರುಪೇರುಗಳಿಂದ ಉತ್ತರದ ಬೇಸಿಗೆಗೆ ಬಿಸಿಲು ಹೆಚ್ಚಿತು. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಈ ಲೆಕ್ಕವನ್ನೆಲ್ಲ ಕೈಯಲ್ಲೇ ಮಾಡಿದ. ಬಿಸಿಲು ಕಿಡಿ ಹಚ್ಚಿತು, ಸಾಗರದಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಬೆಂಕಿಯನ್ನು ಊದಿತು. ಸುಮಾರು 19,000 ವರ್ಷಗಳ ಹಿಂದೆ ಶುರುವಾದ ಹಿಮ್ಮೆಟ್ಟುವಿಕೆ 7,000 ವರ್ಷಗಳ ಹಿಂದಿನ ಹೊತ್ತಿಗೆ ಬಹುಪಾಲು ಮುಗಿದಿತ್ತು. ಅದು ಒಂದೇ ಸಮನೆ ನಡೆಯಲಿಲ್ಲ. ರಿಚರ್ಡ್ ಫೇರ್‌ಬ್ಯಾಂಕ್ಸ್ 1989ರಲ್ಲಿ ಪ್ರಕಟಿಸಿದ ಬಾರ್ಬಡೋಸ್ ಹವಳಗಳ ಅಧ್ಯಯನ, ಆಮೇಲೆ ಬಂದ ಇತರ ಅಧ್ಯಯನಗಳು ಹೇಳುವ ಪ್ರಕಾರ 14,600 ವರ್ಷಗಳ ಹಿಂದೆ ಕಡಲು ಐನೂರು ವರ್ಷಗಳೊಳಗೆ ಹದಿನೈದು ಮೀಟರಿಗೂ ಹೆಚ್ಚು ಏರಿತು.

ದೋಣಿಯಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಕೊಚ್ಚಿಯೆದುರಿನ ಕಡಲತಳ ಬಹಳ ನಿಧಾನವಾಗಿ ಇಳಿಯುತ್ತದೆ. ಅರವತ್ತು ಕಿಲೋಮೀಟರಿಗೆ 120 ಮೀಟರ್ ಇಳಿಜಾರು ಎಂದುಕೊಂಡರೆ, ನೀರು ಒಂದು ಮೀಟರ್ ಏರಿದಾಗ ದಡ ಅರ್ಧ ಕಿಲೋಮೀಟರ್ ಒಳಬರುತ್ತದೆ. ಸರಾಸರಿಯಲ್ಲಿ ವರ್ಷಕ್ಕೆ ಐದು ಮೀಟರ್. ಆ ಬಯಲಿನಲ್ಲಿ ಮನುಷ್ಯರು ಗುಡಿಸಲು ಹಾಕಿಕೊಂಡಿದ್ದರೆ ಅಜ್ಜ ಒಲೆ ಹೂಡಿದ ಜಾಗದಲ್ಲಿ ಮೊಮ್ಮಗ ಮೀನು ಹಿಡಿದಿರುತ್ತಾನೆ. ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲವನ್ನು ಪರಶುರಾಮ ಕೊಡಲಿ ಎಸೆದು ಕಡಲಿಂದ ಪಡೆದ ಎಂದು ನಾವೂ ಹೇಳುತ್ತೇವೆ, ಮಲಯಾಳಿಗಳೂ ಹೇಳುತ್ತಾರೆ. ಮಂಗಳೂರಿನಿಂದ ಬೆಳಗಿನ ಜಾವ ಕೇರಳಕ್ಕೆ ಹೊರಡುವ ರೈಲಿಗೂ ಅವನದೇ ಹೆಸರು. ನಡೆದದ್ದು ಮೊದಲು ತಿರುಗಾಮುರುಗಾ: ಕಡಲು ನೆಲವನ್ನು ನುಂಗಿತು. ಏರಿಕೆ ನಿಂತ ಮೇಲೆ ನದಿಗಳು ಹೂಳು ತಂದು, ಅಲೆಗಳು ಮರಳು ಒಟ್ಟಿ ಒಂದಷ್ಟನ್ನು ಹಿಂದಕ್ಕೆ ಕೊಟ್ಟವು. ಕಥೆ ನೆನಪಿಟ್ಟುಕೊಂಡದ್ದು ಎರಡನೆಯ ಅಂಕವನ್ನು ಮಾತ್ರ.

ಹೂಳಿನ ಆ ಕೆಲಸ ಕೊಚ್ಚಿಯಲ್ಲಿ ಇನ್ನೂ ಮುಗಿದಿಲ್ಲ. 1341ರ ಪೆರಿಯಾರ್ ಮಹಾಪೂರ ಮುಸಿರಿಸ್ ಕಡೆಯ ಬಂದರನ್ನು ಹಾಳುಮಾಡಿ ಕೊಚ್ಚಿಯ ಅಳಿವೆಯನ್ನು ತೆರೆಯಿತು ಎನ್ನುತ್ತಾರೆ. ವೈಪಿನ್ ದ್ವೀಪದ ಹುಟ್ಟನ್ನೂ ಆ ವರ್ಷಕ್ಕೇ ಕಟ್ಟುತ್ತಾರೆ. ಅಳಿವೆಗೆ ಅಡ್ಡಲಾಗಿ ಗಟ್ಟಿಯಾದ ಮರಳದಿಣ್ಣೆ ಬಿದ್ದು ದೊಡ್ಡ ಹಡಗುಗಳು ಹೊರಗೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಣ್ಣೆಯನ್ನು ಕಡಿಸಿದ. 1928ರ ಮೇ 26ರಂದು ಪದ್ಮಾ ಎಂಬ ಹಡಗು ಒಳಗೆ ಬಂತು. ತೆಗೆದ ಹೂಳಿನಿಂದಲೇ ವಿಲ್ಲಿಂಗ್ಡನ್ ದ್ವೀಪ ಎದ್ದಿತು. ಇವತ್ತಿಗೂ ಇಲ್ಲಿ ಹೂಳೆತ್ತುವ ಹಡಗುಗಳಿಗೆ ಬಿಡುವಿಲ್ಲ. ಮುಳುಗಿದ ಕಣಿವೆಯನ್ನು ತುಂಬಿಯೇ ತೀರುತ್ತೇವೆಂದು ನದಿಗಳು ಹಟ ಹಿಡಿದಿವೆ, ತುಂಬಲು ಬಿಡೆವೆಂದು ಬಂದರಿನವರು. ಲಕ್ಷದ್ವೀಪದ ಹಡಗು ನಿಲ್ಲುವುದೂ ಈ ದ್ವೀಪದ ಕಟ್ಟೆಯಲ್ಲೇ. ಹಿಮಯುಗದಲ್ಲಿ ಆ ದ್ವೀಪಗಳು ಕಡಲಿಂದ ನೂರು ಮೀಟರಿಗೂ ಮೇಲೆದ್ದ ಸುಣ್ಣಕಲ್ಲಿನ ಗುಡ್ಡಗಳು. ನೀರು ಏರಿದಂತೆ ಹವಳಗಳು ಮೇಲಕ್ಕೆ ಬೆಳೆದವು. ಈಗ ಉಳಿದಿರುವ ನೆಲ ಅಲೆಗಿಂತ ಒಂದೆರಡು ಮೀಟರ್ ಎತ್ತರ.

ಕೊಚ್ಚಿಯಿಂದ ದಕ್ಷಿಣಕ್ಕೆ ಆಲಪ್ಪುಳದವರೆಗೆ ವೇಂಬನಾಡು ಕಾಯಲು, ಅಂದರೆ ಹಿನ್ನೀರು, ಚಾಚಿದೆ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್, ಮೂವಾಟ್ಟುಪುಳ ನದಿಗಳೆಲ್ಲ ಇದಕ್ಕೇ ಬಂದು ಬೀಳುತ್ತವೆ. ಅದರ ದಕ್ಷಿಣದ ಮೂಲೆಯೇ ಕುಟ್ಟನಾಡು. ಪ್ರವಾಸಿಗಳು ಇಲ್ಲಿ ಹೌಸ್‌ಬೋಟಿನಲ್ಲಿ ಕರಿಮೀನು ತಿಂದು, ತೆಂಗಿನ ಸಾಲಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಾಲಡಿಯ ಮಣ್ಣನ್ನು ಯಾರೂ ತೋರಿಸುವುದಿಲ್ಲ. ನಾನು ಬಂದದ್ದು ಆ ಮಣ್ಣಿಗಾಗಿಯೇ.

ಅಂಬಲಪ್ಪುಳದಿಂದ ತಕಳಿಯ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಅದು ಸಿಕ್ಕಿತು. ಇಲ್ಲಿಯವರು ಅದನ್ನು ಕರಿ ಎನ್ನುತ್ತಾರೆ, ನಮಗೆ ಬೇರೆ ಅರ್ಥ ಬೇಕಾಗುವುದಿಲ್ಲ. ಗದ್ದೆಯ ಮಣ್ಣು ಇದ್ದಿಲಿನ ಪುಡಿಯಷ್ಟು ಕಪ್ಪು. ಕಾಲುವೆಯ ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ, ಕಡ್ಡಿಯಿಂದ ತಟ್ಟಿದರೆ ಚೂರುಚೂರಾಗಿ ಒಡೆಯುತ್ತದೆ. ಬದುವಿನ ಮೇಲೆ ನಾಲ್ಕೈದು ಕಪ್ಪು ಮರದ ತುಂಡುಗಳು ಬಿದ್ದಿದ್ದವು, ತೊಗಟೆಯ ಗೀರುಗಳು ಕೂಡ ಕಾಣುವಷ್ಟು ಹಾಗೇ ಉಳಿದಿದ್ದವು. ಉಗುರಿನಿಂದ ಒತ್ತಿದರೆ ಹೊರಮೈ ಮೆತ್ತಗೆ, ಒಳಗೆ ಗಟ್ಟಿ.

ನನ್ನ ಹರಕುಮುರುಕು ಮಲಯಾಳದಲ್ಲಿ ಕೇಳಿದೆ, ‘ಚೇಟ್ಟಾ, ಇದು ಯಾವ ಮರ?’

ಗದ್ದೆಯ ಯಜಮಾನ ನಕ್ಕರು. ‘ಯಾವ ಮರವೋ! ಅಜ್ಜನ ಕಾಲದಿಂದ ಅಗೆದಲ್ಲೆಲ್ಲ ಬರುತ್ತಲೇ ಇದೆ. ಒಣಗಿಸಿ ಒಲೆಗೆ ಹಾಕುತ್ತೇವೆ.’

ಅವರು ಒಲೆಗೆ ಹಾಕುವ ಮರ ಕಡಲಿಗೆ ಸಿಕ್ಕು ಸತ್ತ ಕಾಡು. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ದಕ್ಷಿಣ ಕೇರಳದ ಇಂಥ ಮರಗಳನ್ನೂ ಅವುಗಳ ಜೊತೆಗಿನ ಪರಾಗವನ್ನೂ ಅಧ್ಯಯನ ಮಾಡಿದ್ದಾರೆ. ಅವುಗಳಲ್ಲಿ ಹಲವು ಏಳರಿಂದ ಹತ್ತು ಸಾವಿರ ವರ್ಷ ಹಳೆಯವು, ಲಾರೆಂಟೈಡ್ ಹಾಸಿನ ಕೊನೆಯ ತುಂಡುಗಳು ಹಡ್ಸನ್ ಕೊಲ್ಲಿಯ ಸುತ್ತ ಕರಗುತ್ತಿದ್ದ ಕಾಲದವು. ಉಪ್ಪುನೀರು ಒಳನುಗ್ಗಿದಾಗ ಅದರ ಜೊತೆ ಗಂಧಕವೂ ಬಂತು. ಗಾಳಿಯಾಡದ ಕೆಸರಿನಲ್ಲಿ ಕೊಳೆತ ಎಲೆ, ಬೇರು, ಕಬ್ಬಿಣದ ಜೊತೆ ಸೇರಿ ಆ ಗಂಧಕ ಪೈರೈಟ್ ಎಂಬ ಖನಿಜವಾಗಿ ಕೂತಿತು. ನೀರಿನಡಿ ಇರುವಷ್ಟು ಕಾಲ ಅದರ ಪಾಡಿಗೆ ಅದು. ರೈತ ನೀರು ಬಸಿದು ಮಣ್ಣಿಗೆ ಗಾಳಿ ತಗಲಿಸಿದ ಕೂಡಲೇ ಅದು ಗಂಧಕಾಮ್ಲವಾಗುತ್ತದೆ. ಕಾಲುವೆಯಲ್ಲಿ ಕಂಡ ತುಕ್ಕಿನ ಕೆನೆ ಅದರದೇ ಗುರುತು. ಈ ಮಣ್ಣಿನ ಪಿಎಚ್ ನಾಲ್ಕಕ್ಕಿಂತಲೂ ಕೆಳಗಿಳಿಯುವುದುಂಟು. ಭತ್ತದ ಬೇರು ಸುಟ್ಟಂತಾಗುತ್ತದೆ.

ಅದಕ್ಕೆ ಮದ್ದು ಸುಣ್ಣ. ಸುಣ್ಣ ಎಲ್ಲಿಂದ? ಅದೇ ವೇಂಬನಾಡಿನಿಂದ! ನಮ್ಮಲ್ಲಿ ಮಂಗಳೂರು ಕಡೆ ಮರುವಾಯಿ, ಕಾರವಾರ ಕಡೆ ಬೆಳಚು ಎಂದು ಕರೆಯುವ ಚಿಪ್ಪುಜೀವಿಗಳ ಜಾತಿಯದೇ ಕಪ್ಪು ಕಕ್ಕ ಈ ಕಾಯಲಿನಲ್ಲಿ ಯಥೇಚ್ಛ. ಅರೆಉಪ್ಪಿನ ನೀರು ಅದಕ್ಕೆ ಬೇಕು, ಕಡಲು ಕಣಿವೆಯೊಳಗೆ ಬಂದಿರದಿದ್ದರೆ ಅದಕ್ಕಿಲ್ಲಿ ನೆಲೆಯೇ ಇರುತ್ತಿರಲಿಲ್ಲ. ಸಾವಿರಾರು ವರ್ಷಗಳ ಚಿಪ್ಪು ತಳದಲ್ಲಿ ಪದರವಾಗಿ ಕೂತಿದೆ. ಕೊಟ್ಟಾಯಂ ಬಳಿಯ ನಾಟ್ಟಗಂನ ಟ್ರಾವಂಕೂರ್ ಸಿಮೆಂಟ್ಸ್ ಆ ಚಿಪ್ಪನ್ನು ಎತ್ತಿ ದಶಕಗಳ ಕಾಲ ಬಿಳಿ ಸಿಮೆಂಟ್ ಮಾಡಿತು. ರೈತರು ಸುಟ್ಟ ಚಿಪ್ಪಿನ ಸುಣ್ಣವನ್ನು ಕರಿಗದ್ದೆಗೆ ಎರಚುತ್ತಾರೆ. ಹಿಮ ಕರಗಿ ಬಂದ ನೀರು ಕಾಡನ್ನು ಕೊಂದು ಮಣ್ಣಿಗೆ ಹುಳಿ ತುಂಬಿತು, ಆ ಹುಳಿಯನ್ನು ಕೊಲ್ಲುವ ಚಿಪ್ಪನ್ನೂ ಅದೇ ನೀರು ಸಾಕಿತು. ಇಷ್ಟು ದೊಡ್ಡ ಸರಪಳಿಯ ಎರಡು ತುದಿಗಳು ಒಬ್ಬ ರೈತನ ಬುಟ್ಟಿಯಲ್ಲೂ ಕಾಲಡಿಯಲ್ಲೂ ಕೂಡಿಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ತಿರುವನಂತಪುರದ ರೈಲನ್ನು ಆಲಪ್ಪುಳದಲ್ಲಿ ಹತ್ತಿದೆ. ಈ ಹಳಿ ಕಡಲಿಗೂ ಕಾಯಲಿಗೂ ನಡುವಿನ ಮರಳಪಟ್ಟಿಯ ಮೇಲೆ ಓಡುತ್ತದೆ. ಉತ್ತರಕ್ಕೆ ಚೇರ್ತಲದ ಬಳಿ ಗಾಜಿನ ಕಾರ್ಖಾನೆಗಳಿಗೆ ಹೋಗುವಷ್ಟು ಶುದ್ಧವಾದ ಬಿಳಿ ಮರಳಿದೆ. ಸಾಲುಸಾಲಾದ ಆ ಮರಳದಿಬ್ಬಗಳು ಹಳೆಯ ಕಡಲದಡಗಳು. ಇಲ್ಲಿ ಇನ್ನೊಂದು ಸೋಜಿಗವಿದೆ. ಹಿಮ ಕರಗಿ ಮುಗಿದ ಮೇಲೆ, ಸುಮಾರು ಆರು ಸಾವಿರ ವರ್ಷಗಳ ಹಿಂದೆ, ಉಷ್ಣವಲಯದ ಹಲವು ತೀರಗಳಲ್ಲಿ ಕಡಲು ಇವತ್ತಿಗಿಂತ ಒಂದೆರಡು ಮೀಟರ್ ಎತ್ತರದಲ್ಲಿ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು. ಕಾರಣ ಮತ್ತೆ ಕೆನಡಾ, ಸ್ಕ್ಯಾಂಡಿನೇವಿಯಾಗಳಲ್ಲೇ. ಹತ್ತಿಯ ಹಾಸಿಗೆಯ ಮೇಲೆ ಕೂತರೆ ಕೂತ ಜಾಗ ತಗ್ಗಿ ಸುತ್ತ ಉಬ್ಬುವಂತೆ ಹಿಮದ ಭಾರಕ್ಕೆ ಭೂಮಿ ತಗ್ಗಿ ಸುತ್ತಲಿನ ನೆಲ, ಕಡಲತಳ ಉಬ್ಬಿದ್ದವು. ಭಾರ ಹೋದ ಮೇಲೆ ಆ ಉಬ್ಬು ಇಳಿಯಿತು, ಅಲ್ಲಿನ ತಗ್ಗನ್ನು ತುಂಬಲು ಸಮಭಾಜಕದ ಕಡೆಯ ನೀರು ಹರಿದುಹೋಯಿತು. ಹಿಮ ಕೂತಿದ್ದ ಜಾಗವಾದರೋ ಇನ್ನೂ ಏಳುತ್ತಲೇ ಇದೆ. ಫಿನ್ಲೆಂಡಿನ ಕ್ವಾರ್ಕೆನ್ ದ್ವೀಪಗಳ ಹತ್ತಿರ ನೆಲ ವರ್ಷಕ್ಕೆ ಎಂಟೊಂಬತ್ತು ಮಿಲಿಮೀಟರ್ ಮೇಲೆ ಬರುತ್ತದೆ, ಅಲ್ಲಿನ ಹಳ್ಳಿಯವರಿಗೆ ಹೊಸ ಜಮೀನು ಹುಟ್ಟುತ್ತಿದೆ.

ತಿರುವನಂತಪುರ ಗುಡ್ಡಗಳ ಊರು, ಕೊಚ್ಚಿಯಷ್ಟು ತಗ್ಗಿಲ್ಲ. ಆದರೂ ಆಕ್ಕುಳಂ ಕಾಯಲಿನ ಬಳಿ ನಿಂತರೆ ಅದೇ ಕಥೆಯ ಸಣ್ಣ ಪ್ರತಿ: ಎರಡು ಗುಡ್ಡಗಳ ನಡುವಿನ ತೊರೆಯ ಕಣಿವೆ ಮುಳುಗಿದೆ, ವೇಳಿಯಲ್ಲಿ ಮರಳದಂಡೆ ಅದರ ಬಾಯಿ ಮುಚ್ಚುತ್ತದೆ, ಮಳೆಗಾಲದಲ್ಲಿ ಒಡೆಯುತ್ತದೆ. 1978ರಲ್ಲಿ ಕೇರಳ ಸರ್ಕಾರ ಸ್ಥಾಪಿಸಿ ಈಗ ಕೇಂದ್ರದ ಭೂವಿಜ್ಞಾನ ಸಚಿವಾಲಯದಡಿ ಇರುವ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ ಇರುವುದು ಆಕ್ಕುಳಂನಲ್ಲೇ. ಊರಿನ ಕೊಳಚೆ ಸೇರಿ ಕಾಯಲು ನಾರುತ್ತದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ದಕ್ಷಿಣಕ್ಕೆ ವಿಳಿಂಞಂನಲ್ಲಿ ದೊಡ್ಡ ನದಿಯಿಲ್ಲ, ಹೂಳೂ ಕಡಿಮೆ. ದಡದ ಹತ್ತಿರವೇ 18ರಿಂದ 20 ಮೀಟರ್ ಆಳ ತಾನಾಗಿ ಸಿಗುತ್ತದೆ. 2025ರ ಮೇ 2ರಂದು ದೇಶಕ್ಕೆ ಅರ್ಪಣೆಯಾದ ಬಂದರು ಆ ಆಳವನ್ನು ನಂಬಿಯೇ ಎದ್ದದ್ದು.

ಶಂಖುಮುಖದ ಕಡಲತೀರದಲ್ಲಿ ಇತ್ತೀಚಿನ ಮಳೆಗಾಲಗಳಲ್ಲಿ ಅಲೆಗಳು ರಸ್ತೆಯನ್ನೇ ಕೆಡವಿದ್ದವು. ಅದೆಲ್ಲವೂ ಏರುವ ಕಡಲಿನ ಕೆಲಸವಲ್ಲ, ತೀರದ ಕಟ್ಟಡ ಕಾಮಗಾರಿಗಳ ಪಾಲೂ ಇದೆ. ಆದರೆ ಕೊಚ್ಚಿಯಲ್ಲಿ 1939ರಿಂದ ಇರುವ ಅಳತೆಮಾಪಕದ ದಾಖಲೆ ನೀರು ಏರುತ್ತಿರುವುದನ್ನು ತೋರಿಸುತ್ತದೆ, ವರ್ಷಕ್ಕೆ ಎರಡು ಮಿಲಿಮೀಟರಿನ ಹತ್ತಿರ. ಹಿಮಯುಗ ಮುಗಿಯುವಾಗಿನ ವೇಗಕ್ಕೆ ಹೋಲಿಸಿದರೆ ಅಲ್ಪ. ‘ಹಿಂದೆಯೂ ಏರಿತ್ತಲ್ಲ’ ಎನ್ನುವವರು ಒಂದನ್ನು ಮರೆಯುತ್ತಾರೆ: ಆಗಿನವರು ಗುಡಿಸಲು ಕಿತ್ತುಕೊಂಡು ಪೂರ್ವಕ್ಕೆ ನಡೆದರು, ಈಗ ಕೊಚ್ಚಿ ಎಲ್ಲಿಗೆ ನಡೆಯಬೇಕು? ಗ್ರೀನ್‌ಲ್ಯಾಂಡಿನಲ್ಲಿ ಉಳಿದಿರುವ ಹಿಮ ಪೂರ್ತಿ ಕರಗಿದರೆ ಜಗತ್ತಿನ ಕಡಲು ಸರಾಸರಿ ಏಳು ಮೀಟರ್ ಏರುತ್ತದೆ. ಹಿಮದ ರಾಶಿ ತನ್ನ ಗುರುತ್ವದಿಂದ ನೀರನ್ನು ತನ್ನತ್ತ ಎಳೆದಿಟ್ಟುಕೊಂಡಿರುವುದರಿಂದ, ಅದು ಕರಗಿದಾಗ ಗ್ರೀನ್‌ಲ್ಯಾಂಡಿನ ಸುತ್ತ ಕಡಲು ಇಳಿದು ನಮ್ಮಂಥ ದೂರದ ತೀರಗಳಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ.

ಕುಟ್ಟನಾಡಿಗೆ ಹೋಗುವವರಿಗೆ ಒಂದು ಮಾತು. ಹೌಸ್‌ಬೋಟಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಆಲಪ್ಪುಳದಿಂದ ಕೊಟ್ಟಾಯಂಗೆ ಹೋಗುವ ಸರ್ಕಾರಿ ಜಲಸಾರಿಗೆ ದೋಣಿ ಹತ್ತಿ. ನೀವು ಕೂತ ದೋಣಿಯ ನೀರು ಮೇಲೆ, ಏರಿಯಾಚೆಯ ಭತ್ತದ ಗದ್ದೆ ಕೆಳಗೆ, ಎರಡು ಮೀಟರಿನವರೆಗೂ ತಗ್ಗಿನಲ್ಲಿ ಕಾಣುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋದರೆ ನೀರು ಬಸಿಯುವುದನ್ನೂ ಸುಣ್ಣ ಎರಚುವುದನ್ನೂ ನೋಡಬಹುದು. ಬದುವಿನ ಮೇಲೆ ಕಪ್ಪು ಮರ ಕಂಡರೆ ಮುಟ್ಟಿ ನೋಡಿ ಬನ್ನಿ.